ಹಿಡಿದುಕೊಂಡ ಯಂತ್ರ

ಮೈಸೂರಿನ ಹಳೆಯ ಮನೆಯೊಂದರ ಹಿತ್ತಲಿನ ಸೌದೆಯ ಕೊಟ್ಟಿಗೆಯಲ್ಲಿ ಒಂದು ಜಾವಾ ಮೋಟಾರ್ ಸೈಕಲ್ಲು ಇಪ್ಪತ್ತೈದು ವರ್ಷಗಳಿಂದ ಮೂಲೆಗುಂಪಾಗಿ ನಿಂತಿದ್ದಿತು. ಅದು ಹುಟ್ಟಿದುದೂ ಅದೇ ಊರಿನಲ್ಲಿಯೇ. 1961ರಲ್ಲಿ ಜಯಚಾಮರಾಜ ಒಡೆಯರವರಿಂದ ಉದ್ಘಾಟಿತವಾಗಿ, 1996ರಲ್ಲಿ ಬಾಗಿಲು ಹಾಕಿದ ಯಾದವಗಿರಿಯ ಕಾರ್ಖಾನೆಯ ಕೂಸದು. ಮನೆಯ ಯಜಮಾನರು ಆ ಕಾರ್ಖಾನೆಯಲ್ಲಿಯೇ ದುಡಿದವರು. ಈಗ ಅವರಿಗೆ ಎಂಬತ್ತಾರು ವಯಸ್ಸು. ಹಾಸಿಗೆ ಹಿಡಿದು ಎರಡು ತಿಂಗಳಾಗಿದ್ದಿತು. ಅವರ ಕಿವಿಗೆ ಆ ಯಂತ್ರದ ಸದ್ದು ಇನ್ನೊಮ್ಮೆ ಬೀಳಲೆಂಬ ಹಂಬಲದಿಂದ ಮಗನು ಅದನ್ನು ಹೊರಕ್ಕೆ ಎಳೆದನು.

ಧೂಳು ಝಾಡಿಸಿ ನೋಡಿದಾಗ ಸಿಲಿಂಡರಿನ ನೆತ್ತಿಯಲ್ಲಿ ಸ್ಪಾರ್ಕ್ ಪ್ಲಗ್ಗೇ ಇರಲಿಲ್ಲ. ಆ ರಂಧ್ರದಲ್ಲಿ ಒಂದು ಚಿಂದಿಬಟ್ಟೆ ಮಾತ್ರ ತುರುಕಿದ್ದಿತು. ಮಗನ ಮುಖ ಸಣ್ಣದಾಯಿತು. ಕಾಲೇಜಿನಲ್ಲಿದ್ದಾಗ ಗೆಳೆಯನ ಗಾಡಿಗೆಂದು ಅದನ್ನು ಬಿಚ್ಚಿಕೊಂಡು ಹೋದವನು ತಾನೇ. ಮರಳಿ ಹಾಕಲಿಲ್ಲ, ಮನೆಯಲ್ಲಿ ಹೇಳಲೂ ಇಲ್ಲ. ಹೆಂಚು ಸೋರುವ ಕೊಟ್ಟಿಗೆಯಲ್ಲಿ ಎಷ್ಟು ಮಳೆಗಾಲದ ನೀರು ಆ ಬಟ್ಟೆಯ ಮೂಲಕ ಒಳಗಿಳಿದಿದ್ದಿತೋ! ಕಿಕ್ಕರನ್ನು ತುಳಿದರೆ ಬಂಡೆಯನ್ನು ತುಳಿದಂತಾಯಿತು.

ಕರೆತಂದ ಮುದುಕ ಮಿಸ್ತ್ರಿಯು ಟಾರ್ಚು ಬಿಟ್ಟು ಒಳಗೆ ಇಣುಕಿ, “ಹಿಡ್ಕೊಂಡದೆ ಸ್ವಾಮಿ. ಒದೀಬೇಡಿ,” ಎಂದನು.

ಕಾರಣವನ್ನೂ ಅವನೇ ಬಿಡಿಸಿದನು. ಸಿಲಿಂಡರು ಎರಕದ ಕಬ್ಬಿಣದ್ದು, ಅದರೊಳಗೆ ಓಡಾಡುವ ಪಿಸ್ಟನ್ನು ಅಲ್ಯೂಮಿನಿಯಮ್ಮಿನದು. ಇವೆರಡರ ನಡುವಣ ಕೂದಲೆಳೆಯಷ್ಟು ಸಂದಿನಲ್ಲಿ ತುಕ್ಕು ಬೆಳೆದು ಬೆಸುಗೆಯಂತೆ ಕೂಡುತ್ತದೆ. ಪಿಸ್ಟನ್ನಿನ ರಿಂಗುಗಳೋ ಗಾಜಿನಂತೆ ಪೆಡಸು; ಬಲಾತ್ಕಾರ ಮಾಡಿದರೆ ಮುರಿದು ಸಿಲಿಂಡರಿನ ಗೋಡೆಯನ್ನು ಗೀರುವುವು. ಹಳೆಯ ಕಬ್ಬಿಣದ ಕಿಟ್ಟವನ್ನು ಆಯುರ್ವೇದವು ಮಂಡೂರವೆಂದು ಹೆಸರಿಟ್ಟು ಔಷಧಗಳಲ್ಲಿ ಸೇರಿಸಿಕೊಂಡಿದೆ. ಸಿಲಿಂಡರಿನೊಳಗೆ ಮಾತ್ರ ಅದು ಕೇವಲ ರೋಗವೇ ಸರಿ.

ಡೀಸೆಲ್ಲನ್ನೂ ಎಂಜಿನ್ ಎಣ್ಣೆಯನ್ನೂ ಬೆರೆಸಿ ಪ್ಲಗ್ಗಿನ ರಂಧ್ರದಿಂದ ಹೊಯ್ದರು. “ಇನ್ನೆಷ್ಟು ದಿನ?” ಎಂದು ಮಗನು ಕೇಳಿದನು. “ಅದು ಹೇಳಿದಷ್ಟು,” ಎಂದು ಮಿಸ್ತ್ರಿಯು ಹೊರಟೇಹೋದನು. ಮನೆಯೊಳಗೆ ವೈದ್ಯರು ದಿನ ಎಣಿಸುತ್ತಿದ್ದರು. ಹಿತ್ತಲಿನಲ್ಲಿ ಎಣ್ಣೆಯು ತನ್ನ ನಿಧಾನದಲ್ಲಿಯೇ ಇಳಿಯುತ್ತಿದ್ದಿತು. ಒಂಬತ್ತನೆಯ ದಿನ ಮಗನು ತಾಳಲಾರದೆ ಸುತ್ತಿಗೆಯನ್ನೆತ್ತಿಕೊಂಡನೆಂದೂ, ತಂದೆಯ ಕೆಮ್ಮು ಕೇಳಿ ಕೆಳಗಿಟ್ಟನೆಂದೂ ಅವನ ಹೆಂಡತಿ ಬಲ್ಲಳು.

ಮಿಸ್ತ್ರಿಯು ಮರಳಿ ಬಂದು ಮಾಡಿದ ಉಪಾಯವು ನೋಡುವಂತಹುದು. ಗೋಣಿಯ ತುಂಡುಗಳನ್ನು ಕುದಿಯುವ ನೀರಿನಲ್ಲದ್ದಿ ಸಿಲಿಂಡರಿನ ಸುತ್ತ ಸುತ್ತುವುದು, ಆರಿದೊಡನೆ ಮತ್ತೆ ಸುತ್ತುವುದು. ಅಲ್ಯೂಮಿನಿಯಮ್ಮು ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುವ ಲೋಹ. ಆದರೆ ಹೊರಗಿನ ಶಾಖವು ಮೊದಲು ಮುಟ್ಟುವುದು ಕಬ್ಬಿಣದ ಗೋಡೆಯನ್ನು. ಅದು ತುಸು ಅಗಲವಾದ ಗಳಿಗೆಯಲ್ಲಿ ಎಣ್ಣೆಯು ನುಸುಳಬೇಕು. ಬಳಿಕ ಹಿಗ್ಗಿ ಕುಗ್ಗುವ ಎಳೆದಾಟದಲ್ಲಿ ತುಕ್ಕಿನ ಬೆಸುಗೆ ಬಿರಿಯಬೇಕು. ಅನಂತರ ನಾಲ್ಕನೆಯ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಎರಡು ಕೈಗಳಿಂದ ಹಿಡಿದು ಮುಂದಕ್ಕೂ ಹಿಂದಕ್ಕೂ ತೂಗಿದನು. ತೊಟ್ಟಿಲನ್ನು ತೂಗುವವರೂ ಅಷ್ಟು ಮೃದುವಾಗಿ ತೂಗಲಾರರು. ಹೀಗೆ ಐದು ದಿನ ಬೆಳಗು ಬೈಗು ನಡೆಯಿತು. ಆರನೆಯ ದಿನ ಒಳಗೆ ‘ಟಿಕ್’ ಎಂದಿತು. ರಂಧ್ರದೊಳಕ್ಕೆ ಇಳಿಬಿಟ್ಟಿದ್ದ ಬಿದಿರುಕಡ್ಡಿಯು ಒಂದು ಕಾಳಿನಷ್ಟು ಮೇಲೆದ್ದಿತು. ಮಿಸ್ತ್ರಿಯು ಬೀಡಿ ಹಚ್ಚಿದನು.

ಮಗನು ಎಣ್ಣೆಗೈಯಲ್ಲಿಯೇ ಕೋಣೆಗೆ ಹೋದನು. ವೃದ್ಧರು ವಾಸನೆ ಹಿಡಿದು ಕಣ್ಣು ತೆರೆದರು.

“ಬಿಟ್ಟಿತೇನೋ?”

“ಅಲುಗಿತು ಅಪ್ಪ. ರಿಂಗು, ಬೇರಿಂಗು ಎಲ್ಲ ಬದಲಿಸಬೇಕು. ಇನ್ನೂ ಕೆಲಸ ಬಹಳ ಇದೆ.” ತುಸು ಹೊತ್ತು ಸುಮ್ಮನಿದ್ದು, “ಆ ಪ್ಲಗ್ಗು ಬಿಚ್ಚಿದವನು ನಾನೇ,” ಎಂದನು.

“ಗೊತ್ತಿತ್ತು. ಬಟ್ಟೆ ತುರುಕಿದವನು ನಾನಲ್ಲವೆ,” ಎಂದರು ತಂದೆ. “ಹೊಸ ಪ್ಲಗ್ಗು ತಂದರೆ ನೀನು ಬೆಟ್ಟಕ್ಕೆ ಹೊಡೆದುಕೊಂಡು ಹೋಗುತ್ತೀಯೆಂದು ನಿಮ್ಮಮ್ಮನಿಗೆ ಭಯ, ತರಲಿಲ್ಲ.” ಮತ್ತೆ ಕಣ್ಣು ಮುಚ್ಚಿಕೊಂಡೇ, “ಗೋಡೆಯ ಮೇಲೆ ಗೀರು ಬಿದ್ದಿದೆಯೆ, ನೋಡಿದೆಯಾ?” ಎಂದು ಕೇಳಿದರು.

ಮಗನು ಟಾರ್ಚನ್ನು ತೆಗೆದುಕೊಂಡು ಹಿತ್ತಲಿಗೆ ನಡೆದನು.