ಕ್ಯಾಂಟರ್ ಅಂದ್ರೆ ಯಾವ ಕಂಪನಿ?

'ಕ್ಯಾಂಟರ್ ಪಲ್ಟಿ, ರಸ್ತೆ ತುಂಬಾ ಟೊಮೆಟೊ' ಅನ್ನೋ ಥರದ ಸುದ್ದಿ ನೀವೂ ಪೇಪರ್‌ನಲ್ಲಿ ಓದಿರ್ತೀರ. ಆ ಗಾಡಿ ಟಾಟಾ ಆಗಿರಬಹುದು, ಅಶೋಕ್ ಲೇಲ್ಯಾಂಡ್ ಆಗಿರಬಹುದು, ಐಷರ್ ಆಗಿರಬಹುದು. ನಮ್ಮ ಕೋಲಾರದ ಕಡೆ ಅದನ್ನೆಲ್ಲ ಯಾರೂ ಕೇಳಲ್ಲ. ಮೂತಿ ಚಪ್ಪಟೆ ಇದ್ದು, ಟಾಟಾ ಏಸ್‌ಗಿಂತ ದೊಡ್ಡದು, ಟೆನ್ ವೀಲರ್‌ಗಿಂತ ಚಿಕ್ಕದು ಅಂದ್ರೆ ಮುಗೀತು, ಅದು ಕ್ಯಾಂಟರ್. ನಿಜಕ್ಕೂ ಕ್ಯಾಂಟರ್ ಅನ್ನೋದು ಜಪಾನಿನ ಮಿತ್ಸುಬಿಷಿಯ ಒಂದು ಮಾಡೆಲ್ ಹೆಸರು. 1986ರ ಹೊತ್ತಿಗೆ ಐಷರ್ ಜೊತೆ ನಮ್ಮ ದೇಶಕ್ಕೆ ಬಂತು. ಮಿತ್ಸುಬಿಷಿ ಹೋಯ್ತು, ಹೆಸರು ಮಾತ್ರ ಕನ್ನಡದಲ್ಲೇ ಉಳ್ಕೊಂಡುಬಿಡ್ತು.

ನಮ್ಮ ಮನೆಯಲ್ಲೂ ಒಂದು ಕ್ಯಾಂಟರ್ ಇದೆ. ಅಪ್ಪನೇ ಓನರ್, ಅಪ್ಪನೇ ಡ್ರೈವರ್. ಕೋಲಾರ ಎಪಿಎಂಸಿಯಿಂದ ಟೊಮೆಟೊ, ಸೀಸನ್‌ನಲ್ಲಿ ಶ್ರೀನಿವಾಸಪುರದ ಮಾವು, ಏನೂ ಇಲ್ಲದಾಗ ಹೊಸಕೋಟೆ ಗೋಡೌನ್‌ಗಳ ಬಾಡಿಗೆ. ಅಕ್ಕನ ಬಿ.ಕಾಂ ಮುಗಿದಿದ್ದು, ನಮ್ಮ ಸೆಮ್ ಫೀಸ್ ಕಟ್ತಾ ಇರೋದು ಎಲ್ಲ ಅದರ ಆರು ಟೈರ್ ಮೇಲೇನೇ. ಈಗ ಗಾಡಿಗೆ ವಯಸ್ಸಾಗಿದೆ. ಹಳೇದನ್ನೇ ರಿಪೇರಿ ಮಾಡ್ಕೊಂಡು ಓಡಿಸೋದಾ, ಇಪ್ಪತ್ತು ಲಕ್ಷದ ಮೇಲೆ ಸಾಲ ಮಾಡಿ ಹೊಸದು ತಗೊಳ್ಳೋದಾ ಅಂತ ಯುಗಾದಿಯಿಂದ ಮನೇಲಿ ಇದೇ ಮಾತು. 'ಮೆಕ್ಯಾನಿಕಲ್ ಓದ್ತಿರೋರು ನೀವು, ನೀವೇ ಹೇಳ್ರಪ್ಪ' ಅಂತ ಅಪ್ಪ ನಮ್ಮ ಮೇಲೆ ಹಾಕಿದ್ರು. ಥರ್ಮೋಡೈನಾಮಿಕ್ಸ್‌ನಲ್ಲಿ ಡೀಸೆಲ್ ಸೈಕಲ್ ಬರೆಯೋಕೆ ಬರುತ್ತೆ, ಡೀಸೆಲ್ ಗಾಡಿ ತಗೋಬೇಕಾ ಬೇಡ್ವಾ ಅನ್ನೋದು ಯಾವ ಸಿಲಬಸ್‌ನಲ್ಲೂ ಇಲ್ಲ. ಹಾಗಾಗಿ ಕೂತು ಓದಿದ್ವಿ. ಓದಿದ್ದರಲ್ಲಿ ಎಂಜಿನ್‌ಗಿಂತ ಬೇರೆ ವಿಷಯಗಳೇ ಜಾಸ್ತಿ ಸಿಕ್ವು.

ಎಂಬತ್ತರ ದಶಕದ ಮೊದಲ ಭಾಗದಲ್ಲಿ ಸರ್ಕಾರ ಜಪಾನಿನ ಜೊತೆ ಸೇರಿ ಚಿಕ್ಕ ಲಾರಿ ಮಾಡೋಕೆ ನಾಲ್ಕು ಜೋಡಿಗಳಿಗೆ ಅವಕಾಶ ಕೊಟ್ಟಿತು. ಡಿಸಿಎಂ–ಟೊಯೊಟಾ, ಆಲ್ವಿನ್–ನಿಸ್ಸಾನ್, ಸ್ವರಾಜ್–ಮಜ್ದಾ, ಐಷರ್–ಮಿತ್ಸುಬಿಷಿ. ನಾಲ್ಕೂ ಒಳ್ಳೇ ಗಾಡಿಗಳು. ಹಗುರ, ವೇಗ ಜಾಸ್ತಿ, ಡ್ರೈವರ್‌ಗೆ ಆರಾಮ. ಇವುಗಳ ಎದುರು ಟಾಟಾ 1986ರಲ್ಲಿ ತನ್ನದೇ ಡಿಸೈನಿನ 407 ಇಳಿಸಿತು. ಕಾಗದದ ಮೇಲೆ ನೋಡಿದ್ರೆ ಜಪಾನಿನವರೇ ಗೆಲ್ಲಬೇಕಿತ್ತು. ಆದ್ರೆ 407 ಕೆಲವೇ ವರ್ಷಗಳಲ್ಲಿ ಅವರನ್ನೆಲ್ಲ ಹಿಂದೆ ಹಾಕ್ತು.

ಒಂದು ಕಾರಣ ಎಂಜಿನ್‌ಗೆ ಸಂಬಂಧವೇ ಇಲ್ಲದ್ದು. 1985ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶಗಳು ಡಾಲರ್ ಬೆಲೆ ಇಳಿಸೋಕೆ ಒಪ್ಪಂದ ಮಾಡ್ಕೊಂಡ್ವು. ಜಪಾನಿನ ಯೆನ್ ಸರ್ರನೆ ಏರಿತು. ಜಪಾನಿನಿಂದ ಬಿಡಿಭಾಗ ತರಿಸಿ ಇಲ್ಲಿ ಜೋಡಿಸ್ತಿದ್ದ ಕಂಪನಿಗಳ ಖರ್ಚೂ ಏರಿತು. ಅಲ್ಲೆಲ್ಲೋ ಹೋಟೆಲಿನಲ್ಲಿ ಹಾಕಿದ ಸಹಿ, ಇಲ್ಲಿ ಲಾರಿ ರೇಟು.

ಇನ್ನೊಂದು ಕಾರಣ ಅಪ್ಪನ ಬಾಯಲ್ಲೇ ಕೇಳಬೇಕು. 'ಲಾರಿ ತಗೊಳ್ಳುವಾಗ ಶೋರೂಮ್ ನೋಡಬಾರ್ದು ಕಣೋ. ರಾತ್ರಿ ಎರಡು ಗಂಟೆಗೆ ಮುಳಬಾಗಿಲು ಹತ್ರ ನಿಂತ್ರೆ ಯಾರು ಬಿಚ್ತಾನೆ, ಯಾರ ಹತ್ರ ಸ್ಪೇರ್ ಸಿಗುತ್ತೆ, ಅದು ನೋಡ್ಬೇಕು.' ನಮ್ಮ ದೇಶದ ಲಾರಿಗಳಲ್ಲಿ ಹೆಚ್ಚಿನವು ಐದಕ್ಕಿಂತ ಕಡಿಮೆ ಗಾಡಿ ಇಟ್ಕೊಂಡಿರೋ ಸಣ್ಣ ಮಾಲೀಕರವು. ಇವರು ಮೈಲೇಜು ಒಂದನ್ನೇ ಕೊಂಡ್ಕೊಳ್ಳಲ್ಲ, ಧೈರ್ಯಾನೂ ಕೊಂಡ್ಕೊಳ್ತಾರೆ. ಟಾಟಾ ಮೆಕ್ಯಾನಿಕ್ ಎಲ್ಲ ಹೆದ್ದಾರಿಯ ಪಕ್ಕದಲ್ಲೂ ಇದ್ದ. ಗಾಡಿ ಮೂರು ದಿನ ನಿಂತ್ರೆ ಆ ತಿಂಗಳ ಕಂತು ಹೋದ ಹಾಗೆ. ಇದು ಗೊತ್ತಿದ್ದವನಿಗೆ 407 ಯಾಕೆ ಗೆದ್ದಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆ ನಾಲ್ಕು ಜೋಡಿಗಳು ಆಮೇಲೆ ಏನಾದವು ಅನ್ನೋದು ಧಾರಾವಾಹಿ ಥರ ಇದೆ. ಡಿಸಿಎಂ–ಟೊಯೊಟಾ ಕೊರಿಯಾದ ಡೇವೂ ಕೈಗೆ ಹೋಗಿ ಸಿಯೆಲೊ ಕಾರು ಮಾಡಿ ಕೊನೆಗೆ ಮುಚ್ಚಿಹೋಯ್ತು. ಟೊಯೊಟಾ ಮತ್ತೆ ಬಂದಾಗ ಲಾರಿ ತರಲಿಲ್ಲ, ಕಿರ್ಲೋಸ್ಕರ್ ಜೊತೆ ಸೇರಿ ನಮ್ಮ ಬಿಡದಿಯಲ್ಲಿ ಕ್ವಾಲಿಸ್ ಮಾಡಿತು. ಬೀದರ್ ದಾಟಿದ ಕೂಡಲೇ ಸಿಗೋ ಜಹೀರಾಬಾದಿನಲ್ಲಿದ್ದ ಆಲ್ವಿನ್–ನಿಸ್ಸಾನನ್ನು 1989ರಲ್ಲಿ ಮಹೀಂದ್ರಾ ತಗೊಂಡಿತು. ಸ್ವರಾಜ್ ಮಜ್ದಾ 2011ರಲ್ಲಿ ಎಸ್‌ಎಂಎಲ್ ಇಸುಜು ಆಯ್ತು. 2025ರಲ್ಲಿ ಅದನ್ನೂ ಮಹೀಂದ್ರಾನೇ ಕೊಂಡ್ಕೊಂಡಿತು, 58.96% ಷೇರಿಗೆ 555 ಕೋಟಿ ರೂಪಾಯಿ. ಯಾಕೆ ಅಂದ್ರೆ ಪಿಕಪ್‌ನಲ್ಲಿ ರಾಜನಾಗಿರೋ ಮಹೀಂದ್ರಾಗೆ 3.5 ಟನ್ ಮೇಲಿನ ಗಾಡಿಗಳಲ್ಲಿ ಸುಮಾರು 3% ಪಾಲು ಮಾತ್ರ ಇತ್ತು. ಐಷರ್ 2008ರಲ್ಲಿ ಸ್ವೀಡನ್ನಿನ ವೋಲ್ವೋ ಜೊತೆ ಸೇರಿತು, ಈ ನಡು ಗಾತ್ರದಲ್ಲಿ ಇವತ್ತಿಗೂ ಗಟ್ಟಿಯಾಗಿದೆ.

ಅಸಲಿ ಕ್ಯಾಂಟರ್ ಕಥೆ ಇನ್ನೂ ಮಜಾ. ಮಿತ್ಸುಬಿಷಿಯ ಲಾರಿ ವಿಭಾಗ ಫ್ಯೂಸೋ ಜರ್ಮನಿಯ ಡೈಮ್ಲರ್ ಕೈಗೆ ಹೋಯ್ತು. ಡೈಮ್ಲರ್ 2012ರಲ್ಲಿ ಚೆನ್ನೈ ಹತ್ರ ಭಾರತ್‌ಬೆಂಜ್ ಶುರು ಮಾಡಿದಾಗ ಅದರ ಚಿಕ್ಕ ಮಾಡೆಲ್‌ಗಳಿಗೆ ಆಧಾರ ಆಗಿದ್ದು ಫ್ಯೂಸೋ ಲಾರಿಗಳೇ. 2025ರಲ್ಲಿ ಫ್ಯೂಸೋ ಮತ್ತು ಟೊಯೊಟಾ ಬಳಗದ ಹಿನೋ ಒಂದೇ ಕಂಪನಿಯ ಕೆಳಗೆ ಬರೋಕೆ ಒಪ್ಪಂದ ಮಾಡ್ಕೊಂಡ್ವು. ಎಂಬತ್ತರ ದಶಕದಲ್ಲಿ ಇಲ್ಲಿ ಎದುರುಬದುರು ನಿಂತಿದ್ದೋರು ಈಗ ಬೀಗರು.

ಕಂಪನಿಗಳು ಮದುವೆ ಆಗಲಿ ಬಿಡಲಿ, ನಮ್ಮಂಥ ಮನೆಗಳಿಗೆ ತಟ್ಟಿದ್ದು ಕಾನೂನು ಮತ್ತು ರಸ್ತೆ. 2005ರಲ್ಲಿ ಟಾಟಾ ಏಸ್ ಬಂತು. ಊರೊಳಗಿನ ಚಿಕ್ಕ ಲೋಡ್ ಎಲ್ಲ ಅದರ ಪಾಲಾಯ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, ರಾಜ್ಯದ ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದವು. ತೆರಿಗೆ ಲೆಕ್ಕಕ್ಕೆ ಅಂತ ಪ್ರತಿ ರಾಜ್ಯದಲ್ಲೂ ಗೋಡೌನ್ ಇಟ್ಕೊಳ್ಳೋ ಅಗತ್ಯ ಕಂಪನಿಗಳಿಗೆ ಕಡಿಮೆ ಆಯ್ತು. ದೊಡ್ಡ ಗೋಡೌನ್‌ವರೆಗೆ ದೊಡ್ಡ ಲಾರಿ, ಅಲ್ಲಿಂದ ಮನೆಗೆ ಚಿಕ್ಕ ಗಾಡಿ. ಲಾರಿ ಮೇಲೆ 1613 ಅಂತ ನಂಬರ್ ನೋಡಿರ್ತೀರಲ್ಲ, ಹೆಚ್ಚುಕಡಿಮೆ 16 ಟನ್ ಒಟ್ಟು ತೂಕ, 130 ಹಾರ್ಸ್‌ಪವರ್ ಅಂತ ಅರ್ಥ. 2018ರ ಜುಲೈನಲ್ಲಿ ಸರ್ಕಾರ ಅಂಥ ಎರಡು ಆಕ್ಸಲ್ ಲಾರಿಯ ಮಿತಿಯನ್ನ 16.2 ಟನ್‌ನಿಂದ 18.5 ಟನ್‌ಗೆ ಏರಿಸಿತು. ದೊಡ್ಡ ಲಾರಿ ಇನ್ನೂ ಜಾಸ್ತಿ ಹೊರುತ್ತೆ ಅಂದ್ಮೇಲೆ ಅದೇ ಸರಕಿಗೆ ಕಡಿಮೆ ಲಾರಿ ಸಾಕು. ಮರುವರ್ಷ ಲಾರಿ ಮಾರಾಟ ಕುಸಿಯೋಕೆ ಇದೂ ಒಂದು ಕಾರಣ. ಮೇಲಿಂದ ದೊಡ್ಡದು, ಕೆಳಗಿಂದ ಚಿಕ್ಕದು ಒತ್ತುವಾಗ ಮಧ್ಯದಲ್ಲಿ ನಮ್ಮ ಕ್ಯಾಂಟರ್.

ಆಮೇಲೆ 2020ರ ಏಪ್ರಿಲ್ 1. ಬಿಎಸ್4 ಇಂದ ಬಿಎಸ್5 ಬಿಟ್ಟು ನೇರ ಬಿಎಸ್6. ನಮ್ಮ ಹಳೇ ಗಾಡಿಗೆ ಇರೋದು ಮೆಕ್ಯಾನಿಕಲ್ ಪಂಪು. ಬೆಂಗಳೂರಿನ ಆಡುಗೋಡಿಯ ಕಂಪನಿ ಬಾಷ್ ಅಂತ ಹೆಸರು ಬದಲಾಯಿಸಿ ಎಷ್ಟೋ ವರ್ಷ ಆದ್ರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು 'ಮೈಕೋ ಪಂಪ್' ಅಷ್ಟೇ. ಅದನ್ನ ಸ್ಪ್ಯಾನರ್ ಹಿಡಿದು ಬಿಚ್ಚಬಹುದು. ಹೊಸ ಗಾಡಿಯಲ್ಲಿ ಕಾಮನ್ ರೈಲ್, ಇಸಿಯು, ಹೊಗೆ ಶುದ್ಧ ಮಾಡೋಕೆ ಎಸ್‌ಸಿಆರ್. ಅದಕ್ಕೆ ಡಿಇಎಫ್ ಅನ್ನೋ ದ್ರವ ಬೇಕು, 32.5% ಯೂರಿಯಾ, ಉಳಿದದ್ದು ನೀರು. ಡ್ರೈವರ್‌ಗಳು 'ಯೂರಿಯಾ ಹಾಕಿಸ್ಬೇಕು' ಅಂತಾನೇ ಹೇಳೋದು. ಅದು ಖಾಲಿಯಾದ್ರೆ, ಅಥವಾ ಆ ಸಿಸ್ಟಂನಲ್ಲಿ ದೋಷ ಇದೆ ಅಂತ ಇಸಿಯುಗೆ ಅನಿಸಿದ್ರೆ, ಗಾಡಿ ತಾನೇ ಶಕ್ತಿ ಕಡಿಮೆ ಮಾಡ್ಕೊಳ್ಳುತ್ತೆ.

ನಮ್ಮ ಬೀದಿಯ ಒಬ್ಬ ಅಂಕಲ್‌ಗೆ ಇದೇ ಆಯ್ತು. ಕಂಪನಿ ಹೆಸರು ಬೇಡ. ಟೊಮೆಟೊ ತುಂಬ್ಕೊಂಡು ಚೆನ್ನೈಗೆ ಹೋಗ್ತಿದ್ದಾಗ ದೀಪ ಹತ್ತಿತು, ಗಾಡಿ ಎಳೆಯಲೇ ಇಲ್ಲ. ಪಕ್ಕದ ಗ್ಯಾರೇಜಿನವನು ಬಾನೆಟ್ ತೆಗೆಯೋ ಮೊದಲೇ 'ಸ್ಕ್ಯಾನರ್ ಇಲ್ಲ ಸಾರ್' ಅಂದ. ಡೀಲರ್ ವರ್ಕ್‌ಶಾಪಿನಿಂದ ಲ್ಯಾಪ್‌ಟಾಪ್ ಬರೋ ಹೊತ್ತಿಗೆ ಒಂದೂವರೆ ದಿನ. ಕೆಟ್ಟಿದ್ದು ಒಂದು ಸೆನ್ಸರ್. ಟೊಮೆಟೊ ಮಾತ್ರ ಒಂದೂವರೆ ದಿನ ಕಾಯಲ್ಲ.

ಹಾಗಂತ ಹಳೇದೇ ಚೆನ್ನಾಗಿತ್ತು ಅಂತ ನಾವು ಹೇಳ್ತಿಲ್ಲ. ಆ ಕಪ್ಪು ಹೊಗೆ ಕುಡಿದೋರಲ್ಲಿ ಮೊದಲನೆಯವರು ಅಪ್ಪನೇ. 3.5 ಟನ್ ಮೇಲಿನ ಹೊಸ ಲಾರಿಗಳ ಕ್ಯಾಬಿನ್‌ಗೆ 2025ರಿಂದ ಎಸಿ ಕಡ್ಡಾಯ ಆಗಿದೆ. ಏಪ್ರಿಲ್ ಬಿಸಿಲಲ್ಲಿ ಎಂಜಿನ್ ಮೇಲೇನೇ ಕೂತು ಗಾಡಿ ಓಡಿಸೋರ ಮಕ್ಕಳಿಗೆ ಇದರ ಬೆಲೆ ಗೊತ್ತು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಲಾರಿ ಮೇಲಿನ ಜಿಎಸ್‌ಟಿ 28%ರಿಂದ 18%ಗೆ ಇಳಿಯಿತು. ಗಾಡಿ ಚೆನ್ನಾಗಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದು ಯಾರಿಗೋಸ್ಕರ ಚೆನ್ನಾಗಾಗ್ತಿದೆ ಅನ್ನೋದೇ ಪ್ರಶ್ನೆ. ನೂರು ಗಾಡಿ ಇರೋ ಟ್ರಾನ್ಸ್‌ಪೋರ್ಟ್ ಕಂಪನಿಗೆ ಸ್ವಂತ ವರ್ಕ್‌ಶಾಪ್, ಸ್ಕ್ಯಾನರ್ ಇರುತ್ತೆ, ಒಂದು ನಿಂತ್ರೆ ಇನ್ನೊಂದು ಹೋಗುತ್ತೆ. ಒಂದೇ ಗಾಡಿ ಇರೋನಿಗೆ ಆ ಇನ್ನೊಂದು ಇಲ್ಲ.

ಎಲೆಕ್ಟ್ರಿಕ್ ಲಾರಿಯಲ್ಲೂ ಇದೇ ಕಥೆ. ಪಿಎಂ ಇ-ಡ್ರೈವ್‌ನಲ್ಲಿ ಒಂದು ಇ-ಲಾರಿಗೆ 9.6 ಲಕ್ಷದವರೆಗೆ ಸಹಾಯಧನ ಇದೆ, ಹಳೇ ಲಾರಿ ಸ್ಕ್ರ್ಯಾಪ್ ಮಾಡಿದ ಸರ್ಟಿಫಿಕೇಟ್ ಬೇಕು. ದಿನಾ ಒಂದೇ ಗೋಡೌನ್, ಒಂದೇ ರೂಟ್, ರಾತ್ರಿ ಒಂದೇ ಜಾಗದಲ್ಲಿ ಚಾರ್ಜಿಂಗ್ ಅಂದ್ರೆ ಸರಿ. ಅಪ್ಪನಿಗೆ ಹೋಗೋವಾಗ ಲೋಡ್ ಗೊತ್ತಿರುತ್ತೆ, ವಾಪಸ್ ಬರೋ ಲೋಡ್ ಎಲ್ಲಿಂದ ಅಂತ ಅಲ್ಲಿ ಹೋದ ಮೇಲೇನೇ ಗೊತ್ತಾಗೋದು.

1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಶುರು ಮಾಡಿದ್ದು ಇವತ್ತಿನ ವಿಆರ್‌ಎಲ್. ಹಾಗೆ ಒಂದು ಲಾರಿಯಿಂದ ಶುರು ಮಾಡೋ ದಾರಿ ಇನ್ನೂ ತೆರೆದಿರಬೇಕು ಅನ್ನೋದು ನಮ್ಮ ಆಸೆ. ಅದು ಬ್ಯಾಂಕಿನ ಕೈಯಲ್ಲಿ ಎಷ್ಟಿದೆಯೋ, ಗಾಡಿ ಡಿಸೈನ್ ಮಾಡೋರ ಕೈಯಲ್ಲೂ ಅಷ್ಟೇ ಇದೆ. ಇನ್ನೆರಡು ವರ್ಷಕ್ಕೆ ನಮ್ಮಲ್ಲೇ ಕೆಲವರು ಇದೇ ಕಂಪನಿಗಳ ಪ್ಲೇಸ್‌ಮೆಂಟ್‌ಗೆ ಕೂರ್ತೀವಿ.

ಸದ್ಯಕ್ಕೆ ಮನೇಲಿ ಆಗಿರೋ ತೀರ್ಮಾನ ಇಷ್ಟು. ಹಳೇ ಗಾಡಿಗೆ ಎಂಜಿನ್ ಕೆಲಸ ಮಾಡಿಸಿ ಇನ್ನೊಂದು ಮಾವಿನ ಸೀಸನ್ ಓಡಿಸೋದು. ಆಮೇಲೆ ಹೊಸದು. ಅಕ್ಕನಿಗೆ ಕೆಲಸ ಸಿಕ್ಕಿದೆ, ಕಂತಿಗೆ ತಾನೂ ಸೇರ್ತೀನಿ ಅಂದಿದ್ದಾಳೆ. ಅಪ್ಪ ಒಂದೇ ಶರತ್ತು ಹಾಕಿದ್ರು: 'ದೀಪ ಹತ್ತಿದ್ರೆ ಏನಾಗಿದೆ ಅಂತ ನಂಗೆ ಓದೋಕಾಗ್ಬೇಕು.'

ಆದ್ದರಿಂದ ನಮ್ಮ ಮಿನಿ ಪ್ರಾಜೆಕ್ಟ್ ಟಾಪಿಕ್ ಫಿಕ್ಸ್ ಆಗಿದೆ. ದೊಡ್ಡ ಗಾಡಿಗಳ ದೋಷದ ಕೋಡ್‌ಗಳು ಜೆ1939 ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ಬರ್ತವೆ. ಎಸ್‌ಪಿಎನ್ 100 ಅಂದ್ರೆ ಆಯಿಲ್ ಪ್ರೆಶರ್, 110 ಅಂದ್ರೆ ಕೂಲೆಂಟ್ ಬಿಸಿ, 1761 ಅಂದ್ರೆ ಯೂರಿಯಾ ಟ್ಯಾಂಕಿನ ಮಟ್ಟ. ಕಂಪನಿಗಳು ಬೀಗ ಹಾಕಿಟ್ಟಿರೋದು ಬೇಕಾದಷ್ಟಿದೆ, ಆದ್ರೆ ಈ ಸಾಮಾನ್ಯ ಕೋಡ್‌ಗಳನ್ನ ಓದಿ ಮೊಬೈಲ್‌ನಲ್ಲಿ ಕನ್ನಡದಲ್ಲಿ ತೋರಿಸೋದು ಒಂದು ಇಎಸ್‌ಪಿ32, ಒಂದು ಕ್ಯಾನ್ ಮಾಡ್ಯೂಲ್‌ನಿಂದ ಆಗೋ ಕೆಲಸ. 'ಯೂರಿಯಾ ಕಡಿಮೆ ಇದೆ, ಹಾಕಿಸಿ' ಅಂತ ಒಂದು ಸಾಲು ಬಂದ್ರೂ ಸಾಕು. ಕೋಡಿಂಗ್ ಬರೋ ಇಸಿ, ಸಿಎಸ್‌ನವರು ಇದ್ರೆ ಮೆಕ್ಯಾನಿಕಲ್ ಬ್ಲಾಕ್ ಹತ್ರ ಬನ್ನಿ. ಟೆಸ್ಟ್ ಮಾಡೋಕೆ ಬಿಎಸ್6 ಗಾಡಿ ರೆಡಿ ಇದೆ, ಆ ಅಂಕಲ್ ಒಪ್ಪಿದ್ದಾರೆ.