ತಣ್ಣಗಿದ್ದಾಗಲೇ ಹಿಡಿಯಬೇಕು

ಹಳೆಯ ಸ್ಪೋರ್ಟ್ಸ್ ಕಾರಿನ ಸೊಗಸೆಲ್ಲ ಅದರ ಓಟದಲ್ಲಿದೆ ಎನ್ನುವವರೇ ಹೆಚ್ಚು. ನನಗೆ ಅದು ನಿಲ್ಲುವ ಪರಿಯೂ ಅಷ್ಟೇ ಸೊಗಸು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಬ್ರೇಕ್ ಪ್ಯಾಡನ್ನು ಆರಿಸುವುದು ಅದಕ್ಕೇ ಬಲು ಪ್ರೀತಿಯ ಕೆಲಸ. ಎಂಜಿಬಿಯನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಕಾರು ಇದು. ಮುಂದಿನ ಗಾಲಿಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್. ಮೊದಮೊದಲ ಕಾರುಗಳಿಗೆ ಕಾಲಿನ ಬಲವನ್ನು ಹೆಚ್ಚಿಸುವ ಸರ್ವೋ ಜೊತೆಯಲ್ಲೇ ಬರುತ್ತಿರಲಿಲ್ಲ. ಒತ್ತಿದ ಬಲವಷ್ಟೇ ಬ್ರೇಕ್ ಆಯಿಲ್ ಮೂಲಕ ಪ್ಯಾಡಿಗೆ ಮುಟ್ಟುವುದರಿಂದ ಅದರ ಗುಣಾವಗುಣವೆಲ್ಲ ಅಂಗಾಲಿಗೇ ತಿಳಿದುಬಿಡುತ್ತದೆ. ಇಂಥ ಕಾರಿಗೆ ರೇಸಿನ ಪ್ಯಾಡನ್ನೇ ಹಾಕಿಸುವ ಆಸೆ ಸಹಜ. ಆದರೆ ರಸ್ತೆಯ ಪ್ಯಾಡಿಗೆ ನಿಜವಾದ ಪರೀಕ್ಷೆ ತಣ್ಣಗಿದ್ದಾಗಿನ ಮೊದಲ ಒತ್ತು ಎಂದು ನಾನು ನಂಬುತ್ತೇನೆ.

ಲೆಕ್ಕ ಹಾಕಿ ನೋಡಿದರೂ ಇದೇ ಕಾಣುತ್ತದೆ. ಇಬ್ಬರು ಕೂತ ಎಂಜಿಬಿ ಸುಮಾರು 1,100 ಕಿಲೋ ತೂಗುತ್ತದೆ ಎಂದುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದರೊಳಗಿನ ಚಲನಶಕ್ತಿ ಸುಮಾರು 4.2 ಲಕ್ಷ ಜೂಲ್. 60ರ ವೇಗದಲ್ಲಿ ಒಂದೂವರೆ ಲಕ್ಷ ಮಾತ್ರ. ಊರೊಳಗೆ ಒಮ್ಮೆ ನಿಲ್ಲಿಸಿದರೆ ಡಿಸ್ಕ್ ಹತ್ತಾರು ಡಿಗ್ರಿಯಷ್ಟೇ ಬಿಸಿಯಾಗಿ, ಓಡುತ್ತಿದ್ದಂತೆ ಮತ್ತೆ ತಣಿಯತೊಡಗುತ್ತದೆ. ರೇಸಿನ ಪ್ಯಾಡಾದರೋ ಕಾದ ಮೇಲಷ್ಟೇ ಚೆನ್ನಾಗಿ ಹಿಡಿಯುತ್ತದೆ. ಅನೇಕ ಪ್ಯಾಡುಗಳ ಅಂಚಿನಲ್ಲಿ ಎರಡು ಅಕ್ಷರಗಳು ಅಚ್ಚಾಗಿರುತ್ತವೆ. ಮೊದಲನೆಯದು ಸಾಮಾನ್ಯ ಉಷ್ಣತೆಯ ಘರ್ಷಣೆಗೆ, ಎರಡನೆಯದು ಬಿಸಿಯಲ್ಲಿನ ಘರ್ಷಣೆಗೆ. ‘ಇ’ ಎಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ಸೂಕ್ಷ್ಮ ಇರುವುದು ಇಲ್ಲಿ: ಆ ‘ಸಾಮಾನ್ಯ’ದ ಅಳತೆಯೇ ಸುಮಾರು 93ರಿಂದ 204 ಡಿಗ್ರಿ ಸೆಲ್ಸಿಯಸ್ ನಡುವಿನದು. ಮುಂಜಾನೆ ಮನೆಯಿಂದ ಹೊರಟ ಕಾರು ಮೊದಲ ಅಡ್ಡರಸ್ತೆಯಲ್ಲಿ ಹೇಗೆ ನಿಂತೀತೆಂದು ಆ ಅಕ್ಷರ ಹೇಳುವುದಿಲ್ಲ. ಆದ್ದರಿಂದ ಅಕ್ಷರವನ್ನಷ್ಟೇ ನಂಬದೆ, ತಯಾರಕರು ಕೊಡುವ ಘರ್ಷಣೆಯ ರೇಖೆ ಎಡತುದಿಯಲ್ಲಿ, ತಣ್ಣಗಿನ ಭಾಗದಲ್ಲಿ, ಎಷ್ಟು ಎತ್ತರದಿಂದ ಶುರುವಾಗುತ್ತದೆ ಎಂದು ನೋಡಬೇಕು.

ಉದ್ದನೆಯ ಬೆಟ್ಟದ ಇಳಿಜಾರಿನಲ್ಲಿ ತಣ್ಣಗಿದ್ದಾಗಲೇ ಹಿಡಿಯುವ ಪ್ಯಾಡ್ ಕಾದು ಕೈಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡಬಹುದು, ತಣ್ಣಗಿನ ಹಿಡಿತದ ಜೊತೆಗೆ ಒಂದಿಷ್ಟು ಬಿಸಿ ತಾಳುವ ಶಕ್ತಿಯೂ ಬೇಕು. ಆದರೆ ಬಿಸಿಯ ತಪ್ಪನ್ನೆಲ್ಲ ಪ್ಯಾಡಿನ ತಲೆಗೆ ಕಟ್ಟಬಾರದು. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಸೋತದ್ದು ಪ್ಯಾಡ್. ಪೆಡಲ್ ಮೆತ್ತಗಾಗಿ ಕೆಳಗಿಳಿದರೆ ಕುದಿದದ್ದು ಆಯಿಲ್. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿಯವರೆಗಾದರೂ ಕುದಿಯಬಾರದು ಎಂಬುದು ನಿಯಮ. ತೇವ ಹೀರಿಕೊಂಡ ಆಯಿಲಿಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹೊಸ ಆಯಿಲ್ ಹಾಕಿಸಿ, ಕೆಳಗಿನ ಗೇರಿನಲ್ಲಿ ಇಳಿದರೆ ಅರ್ಧ ಚಿಂತೆ ಕಳೆಯಿತು. ಹಿಡಿತ ಹೆಚ್ಚಿದಷ್ಟೂ ಬೇಗ ನಿಲ್ಲುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಗಾಲಿ ಲಾಕ್ ಆಗುವಷ್ಟು ಬಲ ಈಗಾಗಲೇ ಇದ್ದರೆ ಅಲ್ಲಿಂದಾಚೆಗಿನ ಮಾತು ಟೈರಿನದು. ಅತಿಯಾಗಿ ಕಚ್ಚುವ ಮುಂದಿನ ಪ್ಯಾಡ್ ಹಿಂದಿನ ಡ್ರಮ್ಮಿನೊಂದಿಗಿನ ಸಮತೋಲವನ್ನೂ ಕೆಡಿಸುತ್ತದೆ.

ಹಳೆಯ ಕಾರಿಗೆ ಹಳೆಯ ಪ್ಯಾಡೇ ಮರ್ಯಾದೆ ಎನ್ನುವವರಿಗೂ ಒಂದು ಮಾತಿದೆ. ಅಂದಿನ ಪ್ಯಾಡಿನಲ್ಲಿದ್ದದ್ದು ಕಲ್ನಾರು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಬ್ರಿಟನ್ ಉಳಿದಿದ್ದ ಬಿಳಿ ಕಲ್ನಾರನ್ನೂ 1999ರಲ್ಲಿ ನಿಷೇಧಿಸಿತು. ಹರ್ಬರ್ಟ್ ಫ್ರೂಡ್ 1897ರಲ್ಲಿ ಬ್ರೇಕಿನ ಉದ್ಯಮಕ್ಕೆ ಇಳಿದದ್ದೇ ಇಂಗ್ಲೆಂಡಿನ ಡರ್ಬಿಷೈರಿನ ಇಳಿಜಾರುಗಳಲ್ಲಿ ಕುದುರೆಗಾಡಿಗಳ ಬ್ರೇಕಿಗೆ ಇನ್ನೂ ಒಳ್ಳೆಯ ವಸ್ತುವನ್ನು ಹುಡುಕುತ್ತ. ಅವರು ಕಟ್ಟಿದ ಫೆರೋಡೋ ಇಂದಿಗೂ ಪ್ಯಾಡಿನ ಪೆಟ್ಟಿಗೆಗಳ ಮೇಲಿನ ಹೆಸರು. ಉತ್ತಮವಾದದ್ದು ಸಿಕ್ಕಾಗ ಹಳೆಯದನ್ನು ಬಿಡುವುದೇ ಈ ಕಸುಬಿನ ಪರಂಪರೆ. ಆರಿಸಿದ ಪ್ಯಾಡನ್ನು ಕೂರಿಸುವುದಕ್ಕೂ ತಾಳ್ಮೆ ಬೇಕು: ಮಧ್ಯಮ ವೇಗದಿಂದ ಹಗುರಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ನಿಲ್ಲಿಸದೆ, ತಣಿಯಲು ಬಿಟ್ಟು, ಮತ್ತೆ ಮತ್ತೆ. ಕೊನೆಗೆ ಡಿಸ್ಕಿನ ಮೈಮೇಲೆ ಎಲ್ಲೂ ಪಟ್ಟೆಯಿಲ್ಲದ ತೆಳು ಬೂದು ಹೊಳಪು ಮೂಡುತ್ತದೆ. ಮರುದಿನ ಮುಂಜಾನೆ, ಡಿಸ್ಕ್ ಇನ್ನೂ ತಣ್ಣಗಿರುವಾಗಲೇ, ಕಾಲು ಕೇಳಿದಷ್ಟೇ ವೇಗ ಇಳಿದರೆ ಆಯ್ಕೆ ಸರಿಯಾಯಿತೆಂದು ತಿಳಿಯಬೇಕು.