ಪರಂಗಿ ಹಣ್ಣು, ಪರಂಗಿ ಹುಣ್ಣು

ಮನೆಗೆ ಒಳಿತು ಬಂದರೆ ಪೂರ್ವಜನ್ಮದ ಪುಣ್ಯ. ಕೆಡುಕು ಬಂದರೆ ನೆರೆಯವರ ದೃಷ್ಟಿ! ಮನುಷ್ಯನ ಈ ಹಳೆಯ ಚಾಳಿ ಭಾಷೆಯಲ್ಲಿಯೂ ತನ್ನ ಗುರುತನ್ನು ಉಳಿಸಿದೆ.

ಹುಬ್ಬಳ್ಳಿ-ಧಾರವಾಡದ ಪೇಟೆಯಲ್ಲಿ ಪಪ್ಪಾಯಿ ಎನಿಸಿಕೊಳ್ಳುವ ಹಣ್ಣಿಗೆ ಮೈಸೂರು ಸೀಮೆಯಲ್ಲಿ ಪರಂಗಿ ಹಣ್ಣೆಂದು ಹೆಸರು. ಅದರ ತೌರುಮನೆ ಅಮೆರಿಕ. ಪರಂಗಿಯವರ ಹಡಗುಗಳ ಕಾಲದಲ್ಲಿ ಅದು ಈ ನೆಲಕ್ಕೆ ಬಂದಿತು. ಅದೇ ವಿಶೇಷಣವನ್ನು ಹೊತ್ತ ಮತ್ತೊಂದು ಮಾತೂ ಕನ್ನಡದಲ್ಲುಂಟು: ಪರಂಗಿ ಹುಣ್ಣು. ವೈದ್ಯರು ಸಿಫಿಲಿಸ್ ಎನ್ನುವ ಲೈಂಗಿಕ ವ್ಯಾಧಿಗೆ ಹಿಂದಿನವರು ಇಟ್ಟ ಹೆಸರದು. ಬರಹದಲ್ಲಿ ಎರಡಕ್ಕೂ ಒಂದು ಕೊಂಬಿನಷ್ಟೇ ಅಂತರ. ಬಾಳಿನಲ್ಲಿ ಮಾತ್ರ, ಹಣ್ಣನ್ನು ಜನರು ಹಿತ್ತಿಲಲ್ಲಿ ಬೆಳೆಸಿದರು; ಹುಣ್ಣನ್ನು ಬಾಗಿಲಿಕ್ಕಿಕೊಂಡು ಮರೆಸಿದರು.

ಈ ರೋಗ ಎಲ್ಲಿಂದ ಬಂದಿತು? ಸುಶ್ರುತಸಂಹಿತೆಯಲ್ಲಿ 'ಉಪದಂಶ'ವೆಂಬ ಗುಹ್ಯವ್ಯಾಧಿಯ ವರ್ಣನೆಯಿದೆ. ಆದರೆ 16ನೆಯ ಶತಮಾನದ ಭಾವಮಿಶ್ರನು ತನ್ನ 'ಭಾವಪ್ರಕಾಶ'ದಲ್ಲಿ 'ಫಿರಂಗ ರೋಗ'ವನ್ನು ಬೇರೆಯಾಗಿಯೇ ವಿವರಿಸಿ, ಅದಕ್ಕೆ ಪಾದರಸದ ಔಷಧವನ್ನೂ ಚೋಪಚೀನಿಯ ಬೇರನ್ನೂ ಹೇಳಿದ್ದಾನೆ. ಹಳೆಯ ಹೆಸರು ಸಾಲದೆ ಹೊಸ ಹೆಸರು ಬೇಕಾಯಿತೆಂಬುದು ಗಮನಾರ್ಹ. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಪೋರ್ತುಗೀಜರು ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಸಿದುಕೊಂಡದ್ದು 1510ರಲ್ಲಿ. ಧಾರವಾಡದಿಂದ ಪಶ್ಚಿಮಕ್ಕೆ ಸಾಗಿ ಘಟ್ಟವಿಳಿದರೆ ಗೋವೆಯೇ.

ಹಾಗಾದರೆ ತಪ್ಪು ಪರಂಗಿಯವರದೇ? ಅವರೂ ಅದನ್ನು ಒಪ್ಪಿಕೊಂಡವರಲ್ಲ. 1495ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸನ ಸೈನ್ಯ ನೇಪಲ್ಸ್ ನಗರವನ್ನು ಹಿಡಿದಾಗ ಈ ಪಿಡುಗು ಭೀಕರವಾಗಿ ಎದ್ದಿತು. ಇಟಲಿಯವರು ಅದನ್ನು ಫ್ರೆಂಚ್ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ರಷ್ಯದವರು ಪೋಲೆಂಡಿನ ರೋಗವೆಂದರು. ತನ್ನ ಊರಿನ ಹೆಸರನ್ನು ಇಟ್ಟವರು ಯಾರೂ ಇಲ್ಲ!

ಕೊಲಂಬಸನು ಅಮೆರಿಕದಿಂದ ಮರಳಿದ್ದು 1493ರಲ್ಲಿ, ನೇಪಲ್ಸಿನ ಪಿಡುಗಿಗೆ ಎರಡೇ ವರ್ಷ ಮೊದಲು. ಅವನ ನಾವಿಕರೇ ರೋಗವನ್ನು ತಂದರೆಂಬುದು ಒಂದು ಪಕ್ಷ. ಯುರೋಪಿನಲ್ಲಿ ಅದು ಮೊದಲೇ ಇದ್ದು, ಗುರುತಾಗಿರಲಿಲ್ಲವೆಂಬುದು ಇನ್ನೊಂದು ಪಕ್ಷ. ರೋಗಾಣುವನ್ನು ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ನರು 1905ರಲ್ಲಿ ಕಂಡುಹಿಡಿದರು. ಈಗ ವಿಜ್ಞಾನಿಗಳು ಪುರಾತನ ಎಲುಬುಗಳಿಂದಲೇ ಅದರ ವಂಶಾವಳಿಯನ್ನು ಓದುತ್ತಿದ್ದಾರೆ. ಮೆಕ್ಸಿಕೊ, ಪೆರು, ಚಿಲಿ, ಅರ್ಜೆಂಟೀನಗಳ ಎಲುಬುಗಳನ್ನು ಆಧರಿಸಿ 2024ರ ಡಿಸೆಂಬರಿನಲ್ಲಿ ಪ್ರಕಟವಾದ ಸಂಶೋಧನೆ ಅಮೆರಿಕದ ಮೂಲದತ್ತ ಬೆರಳು ತೋರುತ್ತದೆ. ಆದರೂ ವಾದ ಪೂರ್ತಿ ಮುಗಿದಿಲ್ಲ.

ಮೂಲವನ್ನು ಅರಸುವುದು ವಿದ್ಯೆ. ಅಪರಾಧಿಯನ್ನು ಅರಸುವುದು ಬೇರೆಯ ಕಸಬು. 1868ರಲ್ಲಿ ಬ್ರಿಟಿಷ್ ಸರಕಾರವು ಇಂಡಿಯದಲ್ಲಿ ಈ ರೋಗಗಳ ನಿಯಂತ್ರಣಕ್ಕೆಂದು ಕಾಯಿದೆಯೊಂದನ್ನು ತಂದಿತು. ವೇಶ್ಯೆಯರೆಂದು ಹೆಸರು ದಾಖಲಾದ ಹೆಂಗಸರನ್ನು ಬಲವಂತದ ಪರೀಕ್ಷೆಗೆ ಒಡ್ಡಿತು. ಅವರಲ್ಲಿಗೆ ಹೋಗುತ್ತಿದ್ದ ಸಿಪಾಯಿಗಳಿಗೆ ಆ ಕಾಯಿದೆಯಲ್ಲಿ ಅಂಥ ಕಟ್ಟಳೆಯಿರಲಿಲ್ಲ. 1888ರಲ್ಲಿ ಅದು ರದ್ದಾಯಿತು. ಆದರೆ ಗಂಡನಿಂದ ತಗುಲಿದ ರೋಗಕ್ಕೆ ಹೆಂಡತಿಯೇ ತಲೆತಗ್ಗಿಸಬೇಕೆಂಬ ಅಲಿಖಿತ ಕಾಯಿದೆ ರದ್ದಾಯಿತೆ?

ಈ ಪ್ರಶ್ನೆ ಬರಿಯ ಮಾನದ್ದಲ್ಲ, ಪ್ರಾಣದ್ದು. ಬಸುರಿಯಲ್ಲಿರುವ ಈ ರೋಗ ಒಡಲಿನ ಕೂಸಿಗೂ ಹರಡುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಕೂಸು ಸತ್ತೇ ಹುಟ್ಟಬಹುದು. ಬಸುರಿಯರ ರಕ್ತಪರೀಕ್ಷೆಯಲ್ಲಿ ಇದನ್ನೂ ನೋಡುವುದು ಅದಕ್ಕಾಗಿಯೇ. 1943ರಿಂದ ಪೆನಿಸಿಲಿನ್ ಇದಕ್ಕೆ ಸಿದ್ಧೌಷಧ. ಆರಂಭದಲ್ಲಿ ಬಹುಮಟ್ಟಿಗೆ ಒಂದೇ ಇಂಜೆಕ್ಷನ್ ಸಾಕು. ಜಿಲ್ಲಾ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್'ಗಳೂ ಇವೆ. ಹೀಗಿದ್ದೂ ಗೋಡೆಬರಹಗಳಲ್ಲಿ ಇದಿನ್ನೂ 'ಗುಪ್ತರೋಗ'ವೇ. ಪರಂಗಿಯೆಂಬ ಹೆಸರು ದೋಷವನ್ನು ಕಡಲಾಚೆಗೆ ಕಳಿಸಿತು. ಗುಪ್ತವೆಂಬ ಹೆಸರು ರೋಗವನ್ನು ಮನೆಯೊಳಗೇ ಉಳಿಸಿತು. ಗಂಡಹೆಂಡಿರಿಬ್ಬರೂ ಜೊತೆಯಾಗಿ ವೈದ್ಯರ ಮೆಟ್ಟಿಲೇರಿದಂದು ಈ ಎರಡು ಹೆಸರುಗಳೂ ನಿಘಂಟಿನಲ್ಲಷ್ಟೇ ಉಳಿದಾವು.